ರೋಗಕಾಲದಲ್ಲಿ ಶಾಲೆಯ ಬಾಗಿಲು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಸಂಸ್ಥೆಯ ಏಳಿಗೆಯನ್ನೂ ಪೂಜ್ಯರ ಪರಿಶ್ರಮವನ್ನೂ ಕುರಿತು ನಾಲ್ಕು ಮಾತು ಬರೆಯುವುದೇ ಸುಲಭದ ದಾರಿಯಾಗಿದ್ದಿತು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಈಗ ನಿವೃತ್ತನಾಗಿರುವ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಅಷ್ಟು ಹಿತವಾದುದಲ್ಲ. ಸಾಂಕ್ರಾಮಿಕ ರೋಗವೊಂದು ನಾಡಿನಲ್ಲಿ ಹಬ್ಬಿರುವಾಗ ಮಕ್ಕಳು ಶಾಲೆಗೆ ಮರಳಬೇಕೆ, ಬೇಡವೆ? ಆ ರೋಗ ತಗ್ಗಿತಲ್ಲ, ಇನ್ನೇಕೆ ಆ ಮಾತು ಎಂದು ಕೇಳುವವರುಂಟು. ಮುಂದೆ ಇನ್ನೊಂದು ಬಂದಾಗ ಕುಳಿತು ಯೋಚಿಸಲು ನಮಗೆ ಬಿಡುವು ಇರುವುದಿಲ್ಲ; ಕಳೆದ ಸಲವೂ ಇರಲಿಲ್ಲ. ಆದುದರಿಂದ ಈಗಲೇ ಆಡಿಬಿಡುವುದು ಲೇಸು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. 2020ರ ಮಳೆಗಾಲದ ಆರಂಭದಲ್ಲಿ ಶಿಕ್ಷಕರ ಸಭೆಯೊಂದು ಸೇರಿದ್ದಿತು. ಪಾಠ ಒಂದು ವರ್ಷ ಹೋದರೆ ಹೋಗಲಿ, ಜೀವ ಉಳಿದರೆ ಪಾಠ ಎಷ್ಟಾದರೂ ಆದೀತು ಎಂದು ಅಲ್ಲಿ ಗಟ್ಟಿಯಾಗಿ ವಾದಿಸಿದವರಲ್ಲಿ ನಾನೂ ಒಬ್ಬ. ಎಲ್ಲರೂ ತಲೆದೂಗಿದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೋಗುವುದು ಪಾಠ ಮಾತ್ರವೇ ಎಂಬ ನಂಬಿಕೆಯೊಂದು ಅದರೊಳಗೆ ಅಡಗಿದ್ದಿತು. ಅದು ಎಷ್ಟು ಪೊಳ್ಳೆಂಬುದು ತಿಳಿಯಲು ನನಗೆ ಹದಿನಾರು ತಿಂಗಳು ಹಿಡಿದುವು.

2020ರ ಮಾರ್ಚ್ ನಡುವಿನಲ್ಲಿ ಶಾಲೆಗಳನ್ನು ಮುಚ್ಚಿದುದನ್ನು ನಾನು ಇಂದಿಗೂ ತಪ್ಪೆನ್ನಲಾರೆ. ಕೋವಿಡ್‌ನಿಂದ ದೇಶದ ಮೊದಲ ಸಾವು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಸಂಭವಿಸಿದ್ದಿತು. ಹೊಸ ರೋಗ, ಅದು ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂಬುದು ವೈದ್ಯರಿಗೂ ತಿಳಿಯದು. ಇನ್‌ಫ್ಲುಯೆಂಜಾದಂತಹ ರೋಗಗಳು ಎಳೆಯರನ್ನು ಬಹುವಾಗಿ ಪೀಡಿಸುತ್ತವೆಂಬ ಹಳೆಯ ಅನುಭವವೂ ಇದ್ದಿತು. ಅಂತಹ ವೇಳೆಯಲ್ಲಿ ಬಾಗಿಲು ಹಾಕುವುದೇ ವಿವೇಕ. ನನ್ನ ತಕರಾರು ಬಾಗಿಲು ಹಾಕಿದುದರ ಬಗೆಗಲ್ಲ, ಹಾಕಿದ ಮೇಲೆ ಬೀಗದ ಕೈಯನ್ನು ಎಲ್ಲಿಟ್ಟೆವೆಂಬುದನ್ನೇ ಮರೆತುದರ ಬಗೆಗೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆ ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ 19 ತಿಂಗಳು ಕಳೆದಿದ್ದುವು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಕೂಸು ತನ್ನ ಶಾಲೆಯ ಒಳಗನ್ನು ಮೊದಲು ಕಂಡುದು ಎರಡನೆಯ ತರಗತಿಯ ಅರ್ಧ ಭಾಗ ಕಳೆದ ಮೇಲೆ. ಅಕ್ಷರವೆಂದರೇನೆಂದು ಅದಕ್ಕೆ ತಿಳಿಯದು. ಸಾಲಾಗಿ ಕುಳಿತುಕೊಳ್ಳುವುದೂ ತಿಳಿಯದು. ಪುಸ್ತಕ ಮಾತ್ರ ಎರಡನೆಯ ತರಗತಿಯದು.

ತೆರೆದ ಕ್ರಮವನ್ನಾದರೂ ನೋಡಿರಿ. 2021ರ ಜನವರಿ 1ರಂದು ಹತ್ತನೆಯ ತರಗತಿಗೂ ದ್ವಿತೀಯ ಪಿ.ಯು.ಸಿ.ಗೂ ಮೊದಲು ಬಾಗಿಲು ತೆರೆಯಿತು. ಎರಡನೆಯ ಅಲೆ ಇಳಿದ ಮೇಲೆ ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನವರಿಗೆ, ಸೆಪ್ಟೆಂಬರ್‌ನಲ್ಲಿ ಆರರಿಂದ ಎಂಟರವರಿಗೆ, ಎಲ್ಲರ ಕೊನೆಗೆ ಎಳೆಯರಿಗೆ. ಅಂದರೆ ಯಾರಿಗೆ ಪರೀಕ್ಷೆ ಉಂಟೋ ಅವರು ಮೊದಲು. ವೈದ್ಯಶಾಸ್ತ್ರ ಹೇಳುತ್ತಿದ್ದುದು ಇದಕ್ಕೆ ತಲೆಕೆಳಗಾಗಿ. 2021ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದಾದ್ಯಂತ ನಡೆಸಿದ ರಕ್ತಪರೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡಾ 57.2ರಷ್ಟು ಮಂದಿಗೆ ಆಗಲೇ ಸೋಂಕು ತಗುಲಿ ಪ್ರತಿಕಾಯಗಳು ಉಂಟಾಗಿದ್ದುವೆಂಬುದು ಕಂಡುಬಂದಿತು. 10ರಿಂದ 17 ವರ್ಷದವರಲ್ಲಿ ಇದು ಶೇಕಡಾ 61.6. ಶಾಲೆ ಮುಚ್ಚಿದ್ದರೂ ರೋಗಾಣು ಮಕ್ಕಳನ್ನು ಅವರ ಮನೆಗಳಲ್ಲಿಯೇ ಹುಡುಕಿಕೊಂಡು ಬಂದಿದ್ದಿತು, ಬಹುಪಾಲು ಮಕ್ಕಳನ್ನು ಹೆಚ್ಚು ಬಾಧಿಸದೆಯೇ ಹೋಗಿದ್ದಿತು. ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಯುಕ್ತವೆಂದು ಆ ಮಂಡಳಿಯ ಮುಖ್ಯಸ್ಥರು ಆಗಲೇ ಬಹಿರಂಗವಾಗಿ ಹೇಳಿದರು. ರಾಜ್ಯ ಸರಕಾರವೇ ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ತಜ್ಞರ ಸಮಿತಿಯೂ ಶಾಲೆಗಳನ್ನು ತೆರೆಯುವುದರ ಪರವಾಗಿಯೇ ಇದ್ದಿತು. ಆದರೂ ಎಳೆಯರು ಅಕ್ಟೋಬರ್ ಕೊನೆಯವರೆಗೆ ಕಾಯಬೇಕಾಯಿತು. ಅವರಿಗೆ ಪರೀಕ್ಷೆಯಿಲ್ಲ, ಮತವೂ ಇಲ್ಲ.

ಮತದ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಇರಲಾರೆ. 2020ರ ಮೇ 4ರಿಂದ ಮದ್ಯದಂಗಡಿಗಳು ತೆರೆದುವು. ಅದೇ ವರ್ಷ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ವೆಂಬ ಯೋಜನೆಯಲ್ಲಿ ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಕೂಡಿಸಿ ಕಲಿಸುತ್ತಿದ್ದರು. ನನ್ನ ಮಟ್ಟಿಗೆ ಆ ಕಾಲದಲ್ಲಿ ಯಾರೇ ಮಾಡಿದ ಕೆಲಸಗಳಲ್ಲಿ ಅದು ಅತ್ಯಂತ ಬುದ್ಧಿವಂತಿಕೆಯದು; ಬಯಲಿನ ಗಾಳಿಯಲ್ಲಿ ಸೋಂಕಿನ ಭಯ ಕಡಿಮೆಯೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಕೆಲವು ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದೊಡನೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಅದೇ ತಿಂಗಳು ಚಿತ್ರಮಂದಿರಗಳಿಗೆ ಅನುಮತಿ ದೊರೆಯಿತು. ನವೆಂಬರ್ 3ರಂದು ಶಿರಾ ಮತ್ತು ರಾಜರಾಜೇಶ್ವರಿನಗರಗಳಲ್ಲಿ ಉಪಚುನಾವಣೆಗಳೂ ನಡೆದುವು. ಇದು ಒಂದು ಪಕ್ಷದ ಮಾತಲ್ಲ. ನಾವೆಲ್ಲರೂ ಮದುವೆಗಳಿಗೆ ಹೋಗಿ ಉಂಡು ಬಂದವರೇ. ಹಾಗೆ ಉಂಡು ಬಂದು, ಮಕ್ಕಳನ್ನು ಮಾತ್ರ ಮನೆಯಲ್ಲಿಡಬೇಕೆಂದು ಹೇಳುತ್ತಿದ್ದೆವು.

ಫೋನಿನ ಪಾಠವಿದ್ದಿತಲ್ಲ ಎನ್ನುವ ಪಟ್ಟಣವಾಸಿ ಮಿತ್ರರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಅವರ ಮಕ್ಕಳಿಗೆ ಅದು ಇದ್ದುದು ನಿಜ. 2021ರ ಆಗಸ್ಟ್‌ನಲ್ಲಿ 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡಮಕ್ಕಳನ್ನು ವಿಚಾರಿಸಿದ ಸಮೀಕ್ಷೆಯೊಂದರಲ್ಲಿ, ಹಳ್ಳಿಗಳಲ್ಲಿ ನಿಯತವಾಗಿ ಅಂತರ್ಜಾಲದ ಮೂಲಕ ಓದುತ್ತಿದ್ದವರು ಶೇಕಡಾ 8 ಮಾತ್ರ. ಏನನ್ನೂ ಓದದೆ ಇದ್ದವರು ಶೇಕಡಾ 37. ನಮ್ಮ ಊರಿನ ಲೆಕ್ಕವೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಮನೆಗೊಂದು ಫೋನು, ಅದು ತಂದೆಯೊಡನೆ ಬೆಳಿಗ್ಗೆ ಹೊರಟು ರಾತ್ರಿ ಮರಳುವುದು. ಚಂದನ ವಾಹಿನಿಯ ಪಾಠಗಳು ಚೆನ್ನಾಗಿಯೇ ಇದ್ದುವು, ಆದರೆ ಪರದೆಯ ಮೇಲಿನ ಗುರುಗಳಿಗೆ ಹಿಂದಿನ ಸಾಲಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕುಳಿತ ಹುಡುಗ ಕಾಣಿಸಲಾರನು.

ಕಲಿಕೆಯ ನಷ್ಟವನ್ನು ಬಲ್ಲವರು ಅಳೆದಿದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬಲ್ಲವರಾಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ಶೇಕಡಾ 92, ಗಣಿತದಲ್ಲಿ ಶೇಕಡಾ 82. ಹೊಸದನ್ನು ಕಲಿಯದೆ ಹೋದುದು ಒಂದು ಬಗೆ, ಇದ್ದುದೂ ಅಳಿಸಿಹೋದುದು ಇನ್ನೊಂದು ಬಗೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ‘ಅಸರ್’ ಸಮೀಕ್ಷೆಯವರು ಕಂಡಂತೆ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇಕಡಾ 19.2 ಇದ್ದವರು 2021ರ ವೇಳೆಗೆ ಶೇಕಡಾ 9.8ಕ್ಕೆ ಇಳಿದಿದ್ದರು. ಮೊದಲಿನ ಅಂಕಿಯೂ ನಾವು ಹೆಮ್ಮೆಪಡುವಂತಹದಲ್ಲವೆಂಬುದು ಬೇರೆ ಮಾತು.

ಆದರೆ ನನ್ನ ಅಭಿಪ್ರಾಯವನ್ನು ಬದಲಿಸಿದುದು ಈ ಅಂಕಿಗಳಲ್ಲ. ನಮ್ಮ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಾಯಿಲೆಕ್ಕದಲ್ಲಿ ನನ್ನನ್ನೇ ಹಿಂದೆ ಹಾಕುವವನು. ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದವನು. 2020ರ ಮಾರ್ಚ್‌ನಲ್ಲಿ ಟ್ರಂಕು ಹೊತ್ತು ಊರಿಗೆ ಹೋದ. 2021ರ ಸೆಪ್ಟೆಂಬರ್‌ನಲ್ಲಿ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಕರೆದಾಗ ಉತ್ತರವಿಲ್ಲ. ನಾನೂ ಸಹೋದ್ಯೋಗಿಯೊಬ್ಬರೂ ಅವನ ಊರಿಗೆ ಹೋದೆವು. ಇಟ್ಟಿಗೆ ಭಟ್ಟಿಯಲ್ಲಿದ್ದ. ನಮ್ಮನ್ನು ಕಂಡೊಡನೆ ಕೈಯೊರೆಸಿಕೊಂಡು ನಮಸ್ಕಾರ ಮಾಡಿದ. “ಬಾರೋ ತಮ್ಮಾ, ಸಾಲಿ ಸುರು ಆಗೇತಿ” ಎಂದೆ. “ಅಪ್ಪ ಮುಂಗಡ ತಗೊಂಡಾನ್ರೀ ಸರ, ಅದು ಮುಟ್ಟೂತನ ಬರಾಕ ಆಗಾಂಗಿಲ್ರೀ” ಎಂದ. ಎಷ್ಟು ಮುಟ್ಟಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ನಿಂತಲ್ಲಿಯೇ ತಪ್ಪಿಲ್ಲದೆ ಹೇಳಿದ. ಅವನು ಮರಳಲಿಲ್ಲ. ಅದೇ ವರ್ಷ ಒಂಬತ್ತನೆಯ ತರಗತಿಯ ಇಬ್ಬರು ಹೆಣ್ಣುಮಕ್ಕಳ ಮನೆಯಿಂದ ನಮಗೆ ದೊರೆತುದು ಮದುವೆ ಮುಗಿದುಹೋದ ಸುದ್ದಿ. ಶಾಲೆಯಿದ್ದಿದ್ದರೆ ಅವರ ತಂದೆತಾಯಿಗಳಿಗೆ ನೆರೆಯವರಿಗೆ ಹೇಳಲು ಒಂದು ನೆವವಾದರೂ ಇರುತ್ತಿದ್ದಿತು.

ಇನ್ನು ಎದುರುವಾದ. ಅದನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. 2021ರ ಮೇ ತಿಂಗಳಿನಲ್ಲಿ, ಹತ್ತು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ವಿಜ್ಞಾನ ಶಿಕ್ಷಕರು ಇದೇ ರೋಗದಿಂದ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಹೋಗಲು ನಮಗಾರಿಗೂ ಆಗಲಿಲ್ಲ. ಶಿಕ್ಷಕರ ಅಂಜಿಕೆಯನ್ನು ಸೋಮಾರಿತನವೆಂದು ಕರೆದವರನ್ನು ಆಗಲೂ ನಾನು ಕ್ಷಮಿಸಿರಲಿಲ್ಲ, ಈಗಲೂ ಇಲ್ಲ. ಮಗುವಿಗೆ ಆಗದ ಅಪಾಯ ಅದರ ಅಜ್ಜಿಗೆ ಆದೀತೆಂಬ ಭಯವೂ ಸುಳ್ಳಲ್ಲ. ಆದರೆ ಈ ಭಯಕ್ಕೆ ತಕ್ಕ ಉತ್ತರ ವಯಸ್ಸಾದ ಶಿಕ್ಷಕರಿಗೆ ಬೇರೆ ಕೆಲಸ ಕೊಡುವುದು, ಲಸಿಕೆಯಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನ ನೀಡುವುದು, ತರಗತಿಯನ್ನು ಎರಡು ಪಾಳಿ ಮಾಡುವುದು, ಅಲೆ ಏರಿದಾಗ ಒಂದೆರಡು ವಾರ ನಿಲ್ಲಿಸಿ ಇಳಿದೊಡನೆ ತೆರೆಯುವುದು. ಮೂರನೆಯ ಅಲೆಯಲ್ಲಿ ಬೆಂಗಳೂರಿನ ಶಾಲೆಗಳು 2022ರ ಜನವರಿಯಲ್ಲಿ ಮುಚ್ಚಿ ಅದೇ ತಿಂಗಳ 31ರಂದು ತೆರೆದುವು. ಮನಸ್ಸಿದ್ದರೆ ಹೀಗೂ ಮಾಡಬಹುದೆಂದು ಆಗ ತಿಳಿಯಿತು.

ಬಡವರ ಮಕ್ಕಳಿಗೆ ಶಾಲೆ ಮನೆಗಿಂತ ಸುರಕ್ಷಿತವೆಂಬ ವಿಚಾರ ನನ್ನದಲ್ಲ, ಹೊಸದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದಾಗ ನ್ಯೂಯಾರ್ಕ್ ಮತ್ತು ಶಿಕಾಗೋ ಮುಚ್ಚಲಿಲ್ಲ. ನ್ಯೂಯಾರ್ಕಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅವರ ತರ್ಕ ಸರಳವಾಗಿದ್ದಿತು: ನಗರದ ಮಕ್ಕಳಲ್ಲಿ ಹೆಚ್ಚಿನವರು ಇಕ್ಕಟ್ಟಾದ ಗಾಳಿಬೆಳಕಿಲ್ಲದ ವಠಾರಗಳಲ್ಲಿದ್ದಾರೆ, ಶಾಲೆಯಲ್ಲಿಯಾದರೆ ವಿಶಾಲವಾದ ಕೋಣೆಯಿದೆ, ದಿನವೂ ಮುಖ ನೋಡಿ ಜ್ವರವಿದೆಯೇ ಎಂದು ವಿಚಾರಿಸುವ ವೈದ್ಯರೂ ದಾದಿಯರೂ ಇದ್ದಾರೆ. ನಮ್ಮ ಒಂದಂಕಣದ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೋಪ್‌ಲ್ಯಾಂಡರ ತರ್ಕ ನಿಲ್ಲುವುದು ದಾದಿಯ ಮೇಲೆ, ಕಿಟಕಿಯ ಮೇಲೆ. ನಮ್ಮಲ್ಲಿ ಅವು ಉಂಟೆ? ಇಲ್ಲಿ ಮಾನ್ಯ ದಾನಿಗಳೊಡನೆ ಸ್ವಲ್ಪ ಸಲಿಗೆಯಿಂದ ಮಾತನಾಡುತ್ತೇನೆ. ನಮ್ಮ ಸಂಸ್ಥೆಯಲ್ಲಿ ಸಭಾಭವನಕ್ಕೆ, ಮಹಾದ್ವಾರಕ್ಕೆ, ವೇದಿಕೆಗೆ ದಾನ ಬಂದಿದೆ, ದಾತೃಗಳ ಹೆಸರು ಅಮೃತಶಿಲೆಯಲ್ಲಿ ಕೊರೆದಿದೆ. ಕಿಟಕಿಗೆ ದಾನ ಕೊಟ್ಟವರನ್ನು ನಾನು ಕಾಣೆ. ಕಿಟಕಿಯ ಮೇಲೆ ಹೆಸರು ಬರೆಯಲು ಸ್ಥಳವಿಲ್ಲವೆಂಬುದೇ ಕಾರಣವಾಗಿರಬಹುದು. ಹಿಂದಿನ ಸಾಲಿನ ಆರು ಕೊಠಡಿಗಳಲ್ಲಿ ಗಾಳಿ ಒಂದೇ ಬದಿಯಿಂದ ಬರುತ್ತದೆ. ಎದುರು ಗೋಡೆಯಲ್ಲಿ ಕಿಟಕಿ ಇರಿಸಲು ತಗಲುವ ಹಣ ಮಹಾದ್ವಾರದ ಬಣ್ಣಕ್ಕಿಂತ ಹೆಚ್ಚಾಗಲಾರದು.

ಪ್ರಸಾದ ನಿಲಯದ ಪ್ರಶ್ನೆ ಇನ್ನೂ ತೊಡಕಿನದು. ನೂರಾರು ಮಕ್ಕಳು ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗುವ ಸ್ಥಳವನ್ನು ಹಗಲು ಶಾಲೆಯಂತೆ ತೆರೆದಿಡಿರೆಂದು ನಾನು ಹೇಳಲಾರೆ. ಒಬ್ಬನಿಗೆ ಬಂದರೆ ವಾರದಲ್ಲಿ ಎಲ್ಲರಿಗೂ ಬಂದೀತು. ಹಾಗೆಂದು ಅವರನ್ನು ಊರಿಗೆ ಕಳುಹಿಸಿ ಕೈ ತೊಳೆದುಕೊಳ್ಳುವುದೂ ಸಲ್ಲದು. ಅವರಲ್ಲಿ ಅನೇಕರು ಇಲ್ಲಿ ಎರಡು ಹೊತ್ತು ಉಣ್ಣುತ್ತಿದ್ದುದರಿಂದಲೇ ಓದುತ್ತಿದ್ದವರು. ಸರಕಾರದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದು ನಮ್ಮ ಮಠಗಳ ಪರಂಪರೆಯಿಂದಲ್ಲವೆ? ಶಾಲೆ ಮುಚ್ಚಿದಾಗ ಸರಕಾರ ಅಕ್ಕಿ ಬೇಳೆಗಳನ್ನಾದರೂ ಮನೆಗೆ ಮುಟ್ಟಿಸಿತು. ನಾವು ನಮ್ಮ ಮಕ್ಕಳ ಮನೆಗಳಿಗೆ ಏನು ಮುಟ್ಟಿಸಿದೆವು? ಆ ಹುಡುಗನ ತಂದೆ ಮುಂಗಡ ಪಡೆದುದು ಆ ತಿಂಗಳುಗಳಲ್ಲಿಯೇ. ಪ್ರತಿಯೊಬ್ಬ ನಿಲಯವಾಸಿಯ ಊರಿನಲ್ಲಿ, ಇಲ್ಲವೇ ನೆರೆಯ ಊರಿನಲ್ಲಿ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಾದರೂ ಇದ್ದೇ ಇರುತ್ತಾನೆ. ಅವನ ಮನೆಯ ಜಗಲಿಯಲ್ಲಿ ಐದಾರು ಮಕ್ಕಳು ಕೂಡಬಹುದು, ಅವನ ಮೂಲಕ ಕಾಳುಕಡ್ಡಿ ಹೋಗಬಹುದು, ಯಾರು ಭಟ್ಟಿಗೆ ಹೊರಟರೆಂಬ ಸುದ್ದಿ ಸಮಯಕ್ಕೆ ಮುಂಚೆ ನಮಗೆ ಬರಬಹುದು. ಇದಕ್ಕೆ ಬೇಕಾದುದು ಊರುವಾರು ಹೆಸರುಗಳ ಒಂದು ಪಟ್ಟಿ.

ಆ ಪಟ್ಟಿಯನ್ನು ನಾನು ಆರಂಭಿಸಿದ್ದೇನೆ. ಈವರೆಗೆ ನಲವತ್ತೊಂದು ಊರುಗಳ ಹೆಸರು ಸೇರಿವೆ. ಶಾಲೆಯನ್ನು ಯಾವಾಗ ಮುಚ್ಚಬೇಕು, ಎಷ್ಟು ದಿನಕ್ಕೊಮ್ಮೆ ಪುನರ್ವಿಮರ್ಶಿಸಬೇಕು, ಮೊದಲು ಯಾವ ತರಗತಿಗೆ ತೆರೆಯಬೇಕು ಎಂಬುದನ್ನು ಸರಕಾರದ ಆಜ್ಞೆಗೆ ಒಳಪಟ್ಟು ಈಗಲೇ ಬರೆದಿಡಬೇಕೆಂದು ಕೋರಿ ಆಡಳಿತ ಮಂಡಳಿಗೂ ಪತ್ರ ಬರೆದಿದ್ದೇನೆ. ಈ ಅಭಿಪ್ರಾಯವನ್ನು ಒಪ್ಪದ ಶಿಕ್ಷಕಬಂಧುಗಳು ಇದ್ದೇ ಇದ್ದಾರೆ. ಅವರೂ ಬರೆಯಲಿ, ಮಂಡಳಿಯ ಮುಂದೆ ಎರಡೂ ಪತ್ರಗಳಿರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು ಮತ್ತು ಊರನ್ನು ಶಾಲೆಯ ಕಚೇರಿಯಲ್ಲಿ ತಿಳಿಸಿದರೆ ಗುಮಾಸ್ತರು ಬರೆದುಕೊಳ್ಳುತ್ತಾರೆ.