ಮನೆವಾರ್ತೆ: ವೇಗದ ಕಾರಿಗೆ ಬಿಗಿಕಂಬಿ

ಮನೆಗೆ ಬೇಕಾದ ವಸ್ತುಗಳನ್ನು ಆರಿಸುವ ವಿಷಯವಾಗಿ ಈ ಪುಟದಲ್ಲಿ ತಿಂಗಳು ತಿಂಗಳೂ ಏನಾದರೊಂದನ್ನು ವಿಚಾರಮಾಡುತ್ತ ಬಂದಿರುವೆವು. ಈ ಸಾರಿ ತೆಗೆದುಕೊಂಡಿರುವ ವಸ್ತುವು ಅಡಿಗೆಮನೆಗೂ ಸೇರಿದುದಲ್ಲ, ಪಡಸಾಲೆಗೂ ಸೇರಿದುದಲ್ಲ. ಅಂಗಳದಲ್ಲಿ ನಿಂತಿರುವ ಕಾರಿಗೆ ಸೇರಿದುದು. ಶಿವಮೊಗ್ಗ, ಭದ್ರಾವತಿಗಳಲ್ಲಿಯೂ ಈಗ ಮನೆಯ ತರುಣರು ಹೆಚ್ಚು ಶಕ್ತಿಯ ಎಂಜಿನುಳ್ಳ ಸಣ್ಣ ಕಾರುಗಳನ್ನು ಬಯಸಿ ಕೊಳ್ಳುವುದುಂಟು. ಕೊಂಡ ಕೆಲವು ತಿಂಗಳಿಗೆ, ಅದರ ಚಾಸಿಗೆ ‘ಬ್ರೇಸ್’ ಹಾಕಿಸಬೇಕೆಂಬ ಮಾತು ಹೊರಡುತ್ತದೆ. ಹಣ ಕೊಡತಕ್ಕವರು ಅನೇಕವೇಳೆ ಹಿರಿಯರು. ಅದೇ ಕಾರಿನಲ್ಲಿ ತೀರ್ಥಹಳ್ಳಿಗೂ ಆಗುಂಬೆಗೂ ಹೋಗತಕ್ಕವರು ಮನೆಯವರೆಲ್ಲರೂ. ಆದುದರಿಂದ ಇದನ್ನು ಹುಡುಗರ ಹುಚ್ಚೆಂದು ತಳ್ಳಿಬಿಡುವುದೂ ಸರಿಯಲ್ಲ, ಕೇಳಿದುದನ್ನೆಲ್ಲ ಕೊಡಿಸಿಬಿಡುವುದೂ ಸರಿಯಲ್ಲ. ವಿಷಯವನ್ನು ತಿಳಿದು ತೀರ್ಮಾನಿಸುವುದೇ ಯುಕ್ತವು.

ಬ್ರೇಸ್ ಎಂಬುದು ಕಾರಿನ ಮೈಯ ಎರಡು ಸ್ಥಳಗಳನ್ನು ಒಂದಕ್ಕೊಂದು ಬಿಗಿದುಕಟ್ಟುವ ಲೋಹದ ಕಂಬಿ. ಇದನ್ನು ನಾವು ಇಲ್ಲಿ ಬಿಗಿಕಂಬಿಯೆಂದು ಕರೆಯೋಣ. ಲಾರಿಗೆ ಕೆಳಗೆ ಎರಡು ಉದ್ದ ತೊಲೆಗಳ ಚಾಸಿಸ್ ಬೇರೆಯಾಗಿರುತ್ತದೆ. ಇಂದಿನ ಸಾಮಾನ್ಯ ಕಾರಿಗೆ ಹಾಗಿಲ್ಲ. ಉಕ್ಕಿನ ತೆಳು ತಗಡುಗಳನ್ನು ಮಡಿಸಿ ಬೆಸೆದು ಮಾಡಿದ ಮೈಯೇ ಅದಕ್ಕೆ ಚಾಸಿಸ್. ಈ ಮೈ ಒಂದು ಪೆಟ್ಟಿಗೆಯಿದ್ದಂತೆ. ಇದರ ಗುಣವನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು, ಮುಚ್ಚಳವಿಲ್ಲದೆ ಅದರ ಎರಡು ತುದಿಗಳನ್ನು ಹಿಡಿದು ತಿರುಚಿರಿ; ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಮುಚ್ಚಳವಿಟ್ಟು ಸುತ್ತಲೂ ಕಾಗದ ಅಂಟಿಸಿ ತಿರುಚಿದರೆ ಅದು ಜಗ್ಗುವುದಿಲ್ಲ. ರಟ್ಟು ಅದೇ, ತೆರೆದಿದ್ದ ಬಾಯಿ ಮಾತ್ರ ಮುಚ್ಚಿಹೋಯಿತು. ಕಾರಿನಲ್ಲಿ ಎಂಜಿನಿನ ಮೇಲಿನ ಹೊಂಡ, ಬಾಗಿಲುಗಳು, ಹಿಂದಿನ ದೊಡ್ಡ ಕದ ಇವೆಲ್ಲ ಅಂಥ ತೆರೆದ ಬಾಯಿಗಳು. ಬಿಗಿಕಂಬಿಯು ಇವುಗಳಲ್ಲಿ ಒಂದಕ್ಕೆ ಹಾಕುವ ಭಾಗಶಃ ಮುಚ್ಚಳವೆಂದು ತಿಳಿಯಬೇಕು.

ಎರಡನೆಯ ಪ್ರಯೋಗ. ನಾಲ್ಕು ಬಿದಿರುಕಡ್ಡಿಗಳನ್ನು ಮೂಲೆಗಳಲ್ಲಿ ದಾರದಿಂದ ಕಟ್ಟಿ ಚೌಕ ಮಾಡಿದರೆ ಅದು ಸುಲಭವಾಗಿ ಓರೆಯಾಗುತ್ತದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಕಾಗದದ ಪಟ್ಟಿಯೊಂದನ್ನು ಅಂಟಿಸಿದ ಕೂಡಲೆ, ಒಂದು ಕಡೆಗೆ ತಳ್ಳಿದಾಗ ಚೌಕವು ನಿಲ್ಲುತ್ತದೆ. ಮತ್ತೊಂದು ಕಡೆಗೆ ತಳ್ಳಿದರೆ ಕಾಗದ ಮಡಿಸಿಕೊಂಡು ಸೋಲುತ್ತದೆ. ಆ ಪಟ್ಟಿಗೆ ಬದಲು ಕಡ್ಡಿಯನ್ನು ಕಟ್ಟಿದರೆ ಎರಡು ಕಡೆಗೂ ನಿಲ್ಲುತ್ತದೆ. ಕಾಗದನಗರವೆಂಬ ಬಡಾವಣೆಗೆ ಹೆಸರು ಕೊಟ್ಟ ಮೈಸೂರು ಕಾಗದದ ಕಾರ್ಖಾನೆಯು 1936ರಲ್ಲಿ ಸ್ಥಾಪಿತವಾಗಿ, ಬಹುಕಾಲ ನಡೆದು, ಕೆಲವು ವರ್ಷಗಳಿಂದ ನಿಂತಿದೆ. ಆದರೆ ಕಾಗದವು ಕಲಿಸುವ ಈ ಪಾಠಕ್ಕೆ ಕಾರ್ಖಾನೆ ಬೇಕಾಗಿಲ್ಲ: ಆಕಾರವೂ ಸ್ಥಾನವೂ ಸರಿಯಾಗಿದ್ದರೆ ಅಲ್ಪ ವಸ್ತುವೂ ದೊಡ್ಡ ಕೆಲಸ ಮಾಡುತ್ತದೆ, ತಪ್ಪಿದ್ದರೆ ದಪ್ಪ ಲೋಹವೂ ಅಲಂಕಾರಕ್ಕೆ ಮಾತ್ರ.

ಹಾಗಾದರೆ ಸರಿಯಾದ ಸ್ಥಾನ ಯಾವುದು? 2022ರವರೆಗೆ ನಮ್ಮ ದೇಶದಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋ, 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್ ಮೊದಲಾದ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆಯಿದೆ. ಇದರಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಸೇರಿ, ಅದರ ತಲೆಯು ಬಾನೆಟ್ಟಿನ ಕೆಳಗೆ ಎಡಬಲಗಳಲ್ಲಿರುವ ಗೋಪುರದಂಥ ಭಾಗಕ್ಕೆ ತಗುಲಿರುತ್ತದೆ. ತಿರುವಿನಲ್ಲಿ ಹೊರಗಣ ಚಕ್ರದ ಒತ್ತಡವು ಈ ಗೋಪುರವನ್ನು ಪಕ್ಕಕ್ಕೆ ತಳ್ಳುತ್ತದೆ. ಗೋಪುರ ಅಲುಗಿದರೆ ಚಕ್ರದ ಓರೆಯೂ ಅಷ್ಟರಮಟ್ಟಿಗೆ ಬದಲಾಗಿ, ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ತಿರುಗಿದಂತೆ ತೋರುತ್ತದೆ. ಎರಡು ಗೋಪುರಗಳನ್ನು ಕೂಡಿಸುವ ಸ್ಟ್ರಟ್ ಬಾರಿಗೆ ಇಲ್ಲಿ ಅರ್ಥವುಂಟು. ಚಕ್ರವನ್ನು ಮೇಲೊಂದು ಕೆಳಗೊಂದು ತೋಳುಗಳಿಂದ ಹಿಡಿದಿರುವ ಕಾರುಗಳಲ್ಲಿ ಗೋಪುರದ ಮೇಲೆ ಪಕ್ಕದೊತ್ತಡ ಕಡಮೆಯಾದುದರಿಂದ, ಅದೇ ಬಾರಿನಿಂದ ಅಷ್ಟು ಪ್ರಯೋಜನವಿಲ್ಲ.

ಕೆಳಗಿನ ಬಿಗಿಕಂಬಿಯು ಚಕ್ರದ ಕೆಳತೋಳುಗಳು ತಗುಲಿರುವ ಸ್ಥಳಗಳನ್ನು ಕೂಡಿಸುತ್ತದೆ. ಇದರ ಗುಣ ಒಳ್ಳೆಯದಾದರೂ, ನೆಲಕ್ಕೂ ಕಾರಿಗೂ ಇರುವ ಅಂತರವನ್ನು ಕಡಮೆಮಾಡುತ್ತದೆ. ನಮ್ಮ ಊರುಗಳ ಹಂಪುಗಳನ್ನೂ ತೋಟದ ದಾರಿಯ ಜಂಬಿಟ್ಟಿಗೆ ಕಲ್ಲುಗಳನ್ನೂ ನೆನೆದು ಇದನ್ನು ತೂಗಿ ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಓಡಾಡುವ ಕಾರಿನಲ್ಲಿ ಕಂಬಿಯ ಬುಡದಲ್ಲಿ ಕೆಸರು ಕೂತು ತುಕ್ಕು ಹಿಡಿಯುವುದು ಸಹಜ. ಹಿಂಭಾಗದ ಗೋಪುರಗಳಿಗೆ ಹಾಕುವ ಕಂಬಿಯಾದರೋ ದೊಡ್ಡ ಹಿಂಗದವುಳ್ಳ ಹಳೆಯ ಕಾರಿಗೆ ಸ್ವಲ್ಪ ನೆರವಾದೀತು. ಸಾಮಾನು ಇಡುವ ಜಾಗವನ್ನು ಮಾತ್ರ ಖಂಡಿತವಾಗಿ ಕಡಮೆಮಾಡುತ್ತದೆ.

ಇನ್ನು ಲೋಹದ ವಿಚಾರ. ಭದ್ರಾವತಿಯವರಿಗೆ ಇದು ಮನೆಯ ಮಾತು. 1918ರಲ್ಲಿ ಕೆಲಸ ಮೊದಲಾಗಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಇಲ್ಲಿನ ಕಾರ್ಖಾನೆಯು ಮುಂದೆ ಮಿಶ್ರ ಉಕ್ಕುಗಳಿಗೂ ಹೆಸರಾಯಿತು. ಅಂಥ ಊರಿನಲ್ಲಿ, ಮೇಲಾದ ಉಕ್ಕಿನಿಂದ ಮಾಡಿದ ಕಂಬಿಯು ಹೆಚ್ಚು ಬಿಗಿಯೆಂದು ಹೇಳಿದರೆ ಕೂಡಲೆ ನಂಬಿಕೆಯಾಗುತ್ತದೆ. ಆದರೆ ಬಲ ಬೇರೆ, ಬಿಗಿ ಬೇರೆ. ಒಂದೇ ಅಳತೆಯ ಸಾಧಾರಣ ಉಕ್ಕಿನ ಕೊಳವೆಯನ್ನೂ ಮಿಶ್ರ ಉಕ್ಕಿನ ಕೊಳವೆಯನ್ನೂ ಒಂದೇ ಮಿತವಾದ ಭಾರದಿಂದ ಬಾಗಿಸಿದರೆ, ಎರಡೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ಭಾರವು ಬಹಳ ಹೆಚ್ಚಿದಾಗ ಸಾಧಾರಣ ಉಕ್ಕು ಮೊದಲು ಸೊಟ್ಟಗಾಗುತ್ತದೆ. ಮಿಶ್ರ ಉಕ್ಕು ಮತ್ತೂ ತಡೆಯುತ್ತದೆ. ಬಿಗಿಕಂಬಿಗೆ ಮುಖ್ಯವಾಗಿ ಬೇಕಾದುದು ಮೊದಲನೆಯ ಗುಣವಾದುದರಿಂದ, ಉಕ್ಕಿನ ಹೆಸರಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಅಲ್ಯೂಮಿನಿಯಮ್ಮಿನ ತೂಕ ಉಕ್ಕಿನ ಮೂರನೆಯ ಒಂದು ಪಾಲು; ಅದರ ಬಿಗಿಯೂ ಸುಮಾರು ಮೂರನೆಯ ಒಂದು ಪಾಲೇ. ಅದೇ ತೂಕದ ಲೋಹವನ್ನು ತೆಳ್ಳಗಿನ ಕೊಳವೆಯಾಗಿ ಮಾಡಿ, ಅದರ ಅಡ್ಡಳತೆಯನ್ನು ಎರಡರಷ್ಟು ಮಾಡಿದರೆ, ಬಾಗುವಿಕೆಗೆ ಅದು ಒಡ್ಡುವ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಆದಕಾರಣ ಲೋಹದ ಹೆಸರಿಗಿಂತ ಕೊಳವೆಯ ಅಳತೆಯನ್ನು ಮೊದಲು ಕೇಳಬೇಕು.

ಅಂಗಡಿಯಲ್ಲಿ ನೋಡತಕ್ಕ ಲಕ್ಷಣಗಳು ಮೂರು. ಮೊದಲನೆಯದು, ಕಂಬಿಯು ಆದಷ್ಟು ನೆಟ್ಟಗಿರಬೇಕು. ಎಂಜಿನನ್ನು ತಪ್ಪಿಸುವುದಕ್ಕಾಗಿ ಬಿಲ್ಲಿನಂತೆ ಬಾಗಿಸಿದ ಕಂಬಿಯು ಒತ್ತಡ ಬಂದಾಗ ಇನ್ನಷ್ಟು ಬಾಗಿಬಿಡುತ್ತದೆ. ಎರಡನೆಯದು, ಕಂಬಿಯೂ ಅದರ ಎರಡು ತುದಿಯ ತಟ್ಟೆಗಳೂ ಬೆಸುಗೆಯಿಂದ ಒಂದಾಗಿರುವುದು ಮೇಲು. ತುದಿಯಲ್ಲಿ ಒಂದೇ ಬೋಲ್ಟಿನ ಮೇಲೆ ಆಡುವ ಕಂಬಿಯು ಎಳೆತ ತಳ್ಳುಗಳನ್ನು ಮಾತ್ರ ತಡೆಯಬಲ್ಲುದು. ಮೂರನೆಯದು, ತಟ್ಟೆಯು ದಪ್ಪವಾಗಿದ್ದು ಗೋಪುರದ ಮೇಲೆ ಪೂರ್ತಿಯಾಗಿ ಕೂರಬೇಕು. ಕಂಬಿ ಎಷ್ಟು ಬಿಗಿಯಾಗಿದ್ದರೂ ತೆಳು ತಟ್ಟೆಯು ಬಾಗಿದರೆ ಎಲ್ಲವೂ ವ್ಯರ್ಥ. ಬಣ್ಣವೂ ಹೊಳಪೂ ಈ ಲೆಕ್ಕಕ್ಕೆ ಸೇರವು.

ಆದರೆ ಅಂಗಡಿಗೆ ಹೋಗುವುದಕ್ಕೆ ಮುಂಚೆ, ಕಾರಿಗೆ ಈ ರೋಗವಿದೆಯೇ ಎಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಇಂದಿನ ಅನೇಕ ಕಾರುಗಳ ಮೈಯನ್ನು ಒಂದು ಡಿಗ್ರಿ ತಿರುಚಬೇಕಾದರೆ, ಒಂದು ಮೀಟರು ಉದ್ದದ ಸನ್ನೆಗೋಲಿನ ತುದಿಗೆ ಎರಡು ಟನ್ನಿಗೂ ಮಿಕ್ಕಿದ ಭಾರ ಕಟ್ಟಬೇಕಾಗುತ್ತದೆ. ಇಂಥ ಮೈಗೆ ಒಂದು ಕಂಬಿಯಿಂದಾಗುವ ಉಪಕಾರ ಅಲ್ಪವೇ. ತಿರುವಿನಲ್ಲಿ ಕಾರು ಸಡಿಲವಾಗಿ ತೋರುವುದಕ್ಕೆ ಬಹುಮಟ್ಟಿಗೆ ಕಾರಣ ಸವೆದ ಟೈರು, ತಪ್ಪಿದ ಗಾಳಿಯೊತ್ತಡ, ಬಿರಿದ ರಬ್ಬರ್ ಬುಷ್ಷು, ಸತ್ತ ಶಾಕ್ ಅಬ್ಸಾರ್ಬರು, ಕೆಟ್ಟ ವೀಲ್ ಅಲೈನ್‌ಮೆಂಟು ಇವುಗಳಲ್ಲಿ ಯಾವುದಾದರೊಂದು. ಮೊದಲು ಇವನ್ನು ಕ್ರಮವಾಗಿ ಸರಿಪಡಿಸಬೇಕು. ಅನಂತರವೂ ಹಳ್ಳ ದಾಟುವಾಗ ಡ್ಯಾಷ್‌ಬೋರ್ಡು ಕಿರುಗುಟ್ಟಿದರೆ, ಒಂದು ಚಕ್ರ ಎತ್ತರದ ಮೇಲಿರುವಾಗ ಬಾಗಿಲು ಉಜ್ಜಿಕೊಂಡರೆ, ಮೈ ತಿರುಚಿಕೊಳ್ಳುತ್ತಿದೆಯೆಂದು ಸಂಶಯಪಡಬಹುದು. ಹಿಂದೆ ಪೆಟ್ಟು ತಿಂದ ಅಥವಾ ತುಕ್ಕು ಹಿಡಿದ ಮೈಗೆ ಬೇಕಾದುದು ರಿಪೇರಿಯೇ ಹೊರತು ಬಿಗಿಕಂಬಿಯಲ್ಲ.

ಹಾಕಿಸುವಾಗಿನ ಎಚ್ಚರಿಕೆಯು ಪ್ರಾಣಕ್ಕೆ ಸಂಬಂಧಿಸಿದುದು. ಗೋಪುರದ ಮೇಲೆ ಸುತ್ತಲಿರುವ ನಟ್ಟುಗಳನ್ನು, ಕಾರು ನಾಲ್ಕು ಚಕ್ರಗಳ ಮೇಲೆ ಸಮನೆಲದಲ್ಲಿ ನಿಂತಿರುವಾಗ ಮಾತ್ರ ಬಿಚ್ಚಬೇಕು. ನಡುವಿನ ದೊಡ್ಡ ನಟ್ಟನ್ನು ಎಂದಿಗೂ ಮುಟ್ಟಕೂಡದು. ಅದು ಒತ್ತಿಹಿಡಿದ ಸ್ಪ್ರಿಂಗನ್ನು ತಡೆದಿಟ್ಟಿರುವ ನಟ್ಟು. ತೂತುಗಳು ಸೇರದಿದ್ದರೆ ಬಲಾತ್ಕಾರದಿಂದ ಎಳೆದು ಸೇರಿಸಬಾರದು. ತಯಾರಕರು ಹೇಳಿದ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಿಸಬೇಕು. ಎಂಜಿನು ವೇಗ ಹೆಚ್ಚುವಾಗ ಓಲಾಡುವುದರಿಂದ ಅದಕ್ಕೂ ಕಂಬಿಗೂ ಅಂತರವಿರಬೇಕು, ಬಾನೆಟ್ಟಿಗೂ ಅಂತರವಿರಬೇಕು. ಏಕೆಂದರೆ ದಾರಿಹೋಕರು ಕಾರಿಗೆ ಸಿಕ್ಕಿ ಬಾನೆಟ್ಟಿನ ಮೇಲೆ ಬಿದ್ದಾಗ, ಅವರ ತಲೆಯನ್ನು ಕಾಯುವುದು ಆ ತಗಡು ಕೆಳಗೆ ಜಗ್ಗುವ ಜಾಗವೇ.

ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಡೆಸುವ ಕೆ-1000ದಂಥ ರ‍್ಯಾಲಿಗಳ ಕಾರುಗಳೊಳಗೆ ಉಕ್ಕಿನ ಪಂಜರವಿರುವುದನ್ನು ಕಂಡು, ಮನೆಯ ಕಾರಿಗೂ ಅದು ಬೇಕೆನ್ನುವವರುಂಟು. ಅಲ್ಲಿ ಓಡಿಸುವವನಿಗೂ ಜೊತೆಗಾರನಿಗೂ ತಲೆಗೆ ಹೆಲ್ಮೆಟ್ಟೂ ಮೈಗೆ ಹಲವು ಪಟ್ಟಿಗಳ ಬೆಲ್ಟೂ ಇರುತ್ತವೆ. ಬರಿದಲೆಯಲ್ಲಿ ಕೂತ ಮಕ್ಕಳ ಪಕ್ಕದಲ್ಲಿ ಅದೇ ಉಕ್ಕಿನ ಕೊಳವೆಯು ಅಪಾಯದ ವಸ್ತು. ಇದಲ್ಲದೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಿಗದಿಮಾಡಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು. ಮೈಯನ್ನು ಕೊಯ್ದು ಬೆಸೆಯುವ ಕೆಲಸಕ್ಕೆ ಕೈಹಾಕದೆ, ಬೋಲ್ಟಿನಿಂದ ಹಾಕಿ ತೆಗೆಯಬಹುದಾದ ಕಂಬಿಯನ್ನೇ ಆರಿಸಿ, ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮುಂಚಿತವಾಗಿ ವಿಚಾರಿಸುವುದು ಕ್ಷೇಮ.

ಒಟ್ಟಿನಲ್ಲಿ ಗೃಹಸ್ಥರು ಮಾಡಬೇಕಾದುದಿಷ್ಟು. ಮೂರು ನಾಲ್ಕು ಕಂಬಿಗಳ ಜೋಡಣೆಯನ್ನು ಒಮ್ಮೆಗೇ ಕೊಳ್ಳದೆ, ಕಾರಿನ ರಚನೆಗೆ ಒಪ್ಪುವ ಒಂದನ್ನು ಮಾತ್ರ ಮೊದಲು ಹಾಕಿಸಬೇಕು. ಹಾಕಿಸುವ ಮುಂಚೆಯೂ ಆಮೇಲೆಯೂ, ಪರಿಚಿತವಾದ ಒಂದೇ ರಸ್ತೆಯಲ್ಲಿ, ಅದೇ ಗಾಳಿಯೊತ್ತಡದಲ್ಲಿ, ನಿಯಮಿತ ವೇಗದಲ್ಲಿಯೇ ಓಡಿಸಿ ನೋಡಬೇಕು. ಮನೆಯ ತರುಣನನ್ನೇ ಈ ಪರೀಕ್ಷೆಗೆ ಹಚ್ಚಿ, ಕಂಡುದನ್ನು ಬರೆದಿಡಲು ಹೇಳಿದರೆ ಅವನಿಗೂ ವಿದ್ಯೆಯಾಗುತ್ತದೆ. ಬದಲಾವಣೆ ತೋರಿದರೆ ಸಂತೋಷ. ತೋರದಿದ್ದರೆ ಕಂಬಿಯನ್ನು ಬಿಚ್ಚಿಡಬಹುದು, ಉಳಿದವುಗಳ ಹಣವೂ ಉಳಿಯುತ್ತದೆ. ಆ ಹಣದಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ಒಳ್ಳೆಯ ಟೈರುಗಳನ್ನು ಹಾಕಿಸಿದರೆ, ಘಟ್ಟದ ಒದ್ದೆ ತಿರುವಿನಲ್ಲಿ ಮನೆಯವರೆಲ್ಲರಿಗೂ ಅದರಿಂದ ಹೆಚ್ಚಿನ ರಕ್ಷಣೆಯುಂಟು.