ಮಕ್ಕಳಲ್ವಾ, ಮರ್ತುಬಿಡ್ತಾವೆ!

ಸುಟ್ಟಗಾಯದ ಮಕ್ಕಳಿಗೆ ಡ್ರೆಸ್ಸಿಂಗ್ ಬದಲಿಸುವಾಗ ಕೇಳಿಬರೋ ಮಾತಿದು. ಬೆನ್ನಿಗೇ ಇನ್ನೊಂದು, 'ತಾಯಿ ಹೊರಗಿರಮ್ಮ.' ಆಮೇಲೆ ಒಬ್ಬರು ಕೈ, ಒಬ್ಬರು ಕಾಲು ಅದುಮಿ ಹಿಡ್ಕೊಳ್ತಾರೆ. ಗಾಯಕ್ಕೆ ಅಂಟಿ ಒಣಗಿದ ಬಟ್ಟೆಯನ್ನು ಕೀಳ್ತಾರೆ. ನಮ್ಮೂರ ಕಡೆ ಬಚ್ಚಲ ಹಂಡೆಯ ನೀರೋ, ಕುದಿಯೋ ಸಾರೋ ಮೈಮೇಲೆ ಬಿದ್ದ ಮಕ್ಕಳಿಗೆ ಹೀಗೆ ಮಾಡೋದನ್ನ ನೋಡಿದ್ದೀನಿ. ಸುಡೋದು ಒಂದೇ ಸಲ. ಡ್ರೆಸ್ಸಿಂಗ್ ದಿನ ಬಿಟ್ಟು ದಿನ, ವಾರಗಟ್ಟಲೆ.

ಮರೆಯಲ್ಲ ಸ್ವಾಮಿ. ಮೊದಲ ಸಲ ನರಳಿದ ಮಗು ಎರಡನೇ ಸಲ ಟ್ರೇ ಸದ್ದಿಗೇ ಕಿರುಚುತ್ತೆ. ಹೆದರಿಕೆ ಸೇರಿದ ನೋವನ್ನು ಹತೋಟಿಗೆ ತರೋದು ಇನ್ನೂ ಕಷ್ಟ. ಹಸುಗೂಸಿಗೆ ನೋವೇ ಗೊತ್ತಾಗಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೂ ನಂಬಿದ್ದ ಕಾಲವಿತ್ತು. ಅದು ತಪ್ಪು ಅಂತ 1987ರಲ್ಲಿ ತೋರಿಸಿಕೊಟ್ಟವರಲ್ಲಿ ಮುಖ್ಯರು ಇಂದೋರ್‌ನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಆನಂದ್. ನಮ್ಮವರೇ! ಆ ಸುದ್ದಿ ನಮ್ಮ ವಾರ್ಡುಗಳಿಗೆ ತಲುಪೋಕೆ ಇನ್ನೆಷ್ಟು ವರ್ಷ ಬೇಕು?

'ಮಾರ್ಫಿನ್ನಾ? ಚಟ ಹತ್ತುತ್ತೆ' ಅಂತಾರೆ. ತೂಕ ನೋಡಿ ಕೊಟ್ಟು, ಉಸಿರಾಟದ ಮೇಲೆ ಕಣ್ಣಿಟ್ಟರೆ, ಡ್ರೆಸ್ಸಿಂಗಿಗೆ ಕೊಡೋ ಡೋಸಿನಿಂದ ಚಟ ಹತ್ತೋದು ತೀರಾ ಅಪರೂಪ. ಅದರ ಮೂಲವಾದ ಅಫೀಮನ್ನ ಸರ್ಕಾರದ ಲೈಸೆನ್ಸ್ ಪಡೆದು ಮಧ್ಯಪ್ರದೇಶ, ರಾಜಸ್ಥಾನದ ರೈತರೇ ಬೆಳೀತಾರೆ. 1985ರ ಮಾದಕವಸ್ತು ಕಾಯ್ದೆಯನ್ನ ಔಷಧಿಯ ಬಳಕೆಗೆ ಅಂತಲೇ 2014ರಲ್ಲಿ ಸಡಿಲಿಸಿದ್ದೂ ಆಯ್ತು. ಕೆಟಮಿನ್ ಅಂತೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ.

ನಮ್ಮ ಕಸುಬಿನವರಿಗೆ ಇದನ್ನ ಹೇಳಿದ್ರೆ ತಕ್ಷಣ ವಿಆರ್ ಹೆಡ್‌ಸೆಟ್ ನೆನಪಾಗುತ್ತೆ. ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಸೇರಿ ರೂಪಿಸಿದ 'ಸ್ನೋವರ್ಲ್ಡ್' ನಿಜಕ್ಕೂ ಒಳ್ಳೇ ಕೆಲಸ. ಮಗು ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೀತಾ ಇರುತ್ತೆ, ಗಮನ ಗಾಯದ ಮೇಲಿರಲ್ಲ. ಆದ್ರೆ ಅಲ್ಲಿ ಅದನ್ನ ಕೊಟ್ಟಿದ್ದು ನೋವಿನ ಔಷಧಿಯ ಜೊತೆಗೆ, ಬದಲಿಗಲ್ಲ. ಸ್ಟಾರ್ಟಪ್‌ಗಳ ಸ್ಲೈಡಿನಲ್ಲಿ ಈ ಒಂದು ಸಾಲು ಕಾಣೆಯಾಗಿರುತ್ತೆ.

ಬೇಕಿರೋದು ಬೋರು ಹೊಡೆಸೋ ಕೆಲಸಗಳು. ಬಾಯಿಗೆ ಹಾಕೋ ಮಾರ್ಫಿನ್ ಹಿಡಿಯೋಕೆ ಅರ್ಧ ಗಂಟೆಯಾದ್ರೂ ಬೇಕು, ಅಷ್ಟು ಮುಂಚೆ ಕೊಡೋದು. ಬಟ್ಟೆಯನ್ನ ನೆನೆಸಿ ಬಿಡಿಸೋದು. ತಾಯಿಯನ್ನ ತಲೆ ಹತ್ರ ಕೂರಿಸೋದು. ಎಷ್ಟು ನೋಯ್ತು ಅಂತ ಮಗುವನ್ನೇ ಕೇಳಿ ಕೇಸ್‌ಶೀಟಿನಲ್ಲಿ ಬರೆಯೋದು. ನಿಮ್ಮ ಕಂಪನಿಯ ಸಿಎಸ್‌ಆರ್ ತಂಡ ಮಕ್ಕಳ ವಾರ್ಡಿನ ಗೋಡೆಗೆ ಮಿಕ್ಕಿಮೌಸ್ ಬರೆಸೋಕೆ ಹೊರಟರೆ, ಬಣ್ಣದ ಡಬ್ಬ ಬಿಚ್ಚೋ ಮುಂಚೆ ಅಲ್ಲಿಯ ಡಾಕ್ಟರನ್ನ ಒಂದು ಮಾತು ಕೇಳಲಿ: ಡ್ರೆಸ್ಸಿಂಗಿಗೆ ಮುಂಚೆ ನೋವಿಗೆ ಏನು ಕೊಡ್ತೀರಿ?