'ಶುಭಂ' ಆದ ಮೇಲೆ ಶುರುವಾದ ಕಥೆ!

ರಾಜಕುಮಾರಿಯ ಕೈ ಹಿಡಿದ ಮೇಲೆ ಹೀರೋಗೆ ಇನ್ನೇನು ಕಷ್ಟ? ನಮ್ಮ ಸಿನಿಮಾಗಳಲ್ಲಿ ಅಲ್ಲಿಗೆ 'ಶುಭಂ' ಬೀಳುತ್ತೆ, ನಾವು ಚಪ್ಪಲಿ ಹುಡುಕಿಕೊಂಡು ಎದ್ದು ಬರ್ತೀವಿ. ಆದರೆ ಕೊರಿಯಾ ದೇಶದ ಜಂಗ್ ಜೋಂಗ್ ಎಂಬ ದೊಡ್ಡ ಮನೆತನದ ಹುಡುಗನಿಗೆ ಕಷ್ಟ ಶುರುವಾದದ್ದೇ ಅಲ್ಲಿಂದ!

2011ರ ಕೊರಿಯನ್ ಧಾರಾವಾಹಿ 'ದಿ ಪ್ರಿನ್ಸೆಸ್ ಮ್ಯಾನ್' ನೋಡಿದವರಿಗೆ ಈತ ಗೊತ್ತು. ಹೀರೋನ ಜೀವದ ಗೆಳೆಯ. ಬರೀ ನಗಿಸೋ ಪಾತ್ರ ಅಂದ್ಕೊಂಡು ಕೂತಿದ್ದೆ, ಕೊನೆಗೆ ಕಣ್ಣು ಒರೆಸಿಕೊಂಡು ಎದ್ದೆ. ಅದರ ಹೀರೋ-ಹೀರೋಯಿನ್ ಪ್ರೇಮ ದಂತಕಥೆ. ಜಂಗ್ ಜೋಂಗ್ ಮಾತ್ರ ನಿಜವಾಗಿ ಬದುಕಿದ್ದ ಮನುಷ್ಯ.

1450ರಲ್ಲಿ ರಾಜಕುಮಾರಿ ಗ್ಯಂಗ್‌ಹೇ ಜೊತೆ ಮದುವೆ. ಅದೇ ವರ್ಷ ಮಾವ ಮುನ್‌ಜೋಂಗ್ ಪಟ್ಟಕ್ಕೆ ಬಂದ, 1452ರಲ್ಲಿ ತೀರಿಕೊಂಡ. ಸಿಂಹಾಸನದಲ್ಲಿ ಕೂತವನು ಗ್ಯಂಗ್‌ಹೇಯ ತಮ್ಮ ದಾನ್‌ಜೋಂಗ್. ಹುಟ್ಟಿದ್ದು 1441ರಲ್ಲಿ, ಮೀಸೆ ಕೂಡ ಚಿಗುರಿಲ್ಲ! ಹೆತ್ತ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಅವನಿಗೆ ಅಕ್ಕ-ಭಾವನೇ ದಿಕ್ಕು.

ವಿಲನ್ ಯಾರು? ಸ್ವಂತ ಚಿಕ್ಕಪ್ಪ ಸುಯಾಂಗ್! 2013ರ 'ದಿ ಫೇಸ್ ರೀಡರ್' ಚಿತ್ರದಲ್ಲಿ 'ಸ್ಕ್ವಿಡ್ ಗೇಮ್' ಖ್ಯಾತಿಯ ಲೀ ಜಂಗ್-ಜೇ ಮಾಡಿದ್ದು ಇದೇ ಪಾತ್ರ. 1453ರ ಒಂದು ರಾತ್ರಿ ಸುಯಾಂಗ್ ಹಿರಿಯ ಮಂತ್ರಿ ಕಿಮ್ ಜೋಂಗ್‌ಸೊ ಮನೆಗೇ ಹೋಗಿ ಅವನನ್ನು ಹೊಡೆದುರುಳಿಸಿದ. ಆ ರಾತ್ರಿ ಬಾಲರಾಜ ಎಲ್ಲಿದ್ದ ಗೊತ್ತೇ? ಅಕ್ಕ-ಭಾವನ ಮನೆಯಲ್ಲಿ!

1455ರಲ್ಲಿ ಹುಡುಗನನ್ನು ಇಳಿಸಿ ಚಿಕ್ಕಪ್ಪನೇ ರಾಜನಾದ. ಜಂಗ್ ಜೋಂಗ್ ಆಗ ಪಕ್ಷ ಬದಲಾಯಿಸಿ ಹೊಸ ರಾಜನಿಗೆ ಅಡ್ಡಬೀಳಬಹುದಿತ್ತು. ಎಷ್ಟೋ ದೊಡ್ಡವರು ಮಾಡಿದ್ದು ಅದನ್ನೇ. ಈತ ಬಾಮೈದನ ಕೈ ಬಿಡಲಿಲ್ಲ. ಗಡೀಪಾರಾದ. ರಾಜಮನೆತನದ ಹೆಂಡತಿ ಅವನ ಹಿಂದೆಯೇ ಹೋದಳು. 1456ರಲ್ಲಿ ಮಗ ಮಿಸು ಹುಟ್ಟಿದ. 1457ರಲ್ಲಿ ದಾನ್‌ಜೋಂಗ್ ಇನ್ನೊಂದು ಕಡೆ ಗಡೀಪಾರಿನಲ್ಲೇ ಸತ್ತ. 1461ರಲ್ಲಿ ರಾಜದ್ರೋಹದ ಆರೋಪ ಹೊರಿಸಿ ಜಂಗ್ ಜೋಂಗ್‌ನನ್ನೂ ಕೊಂದರು. ದೇಹವನ್ನೇ ಸೀಳಿಸುವ ಘೋರ ಶಿಕ್ಷೆ! ಹನ್ನೊಂದು ವರ್ಷದ ದಾಂಪತ್ಯ, ಅದರಲ್ಲಿ ಅರ್ಧಕ್ಕೂ ಹೆಚ್ಚು ಗಡೀಪಾರು.

ಆದರೆ ಮಗ ಉಳಿದ. ಬೆಳೆದು ಅಧಿಕಾರಿಯಾಗಿ 1512ರವರೆಗೆ ಬದುಕಿದ.

ನಾವು ಕಟೌಟು ಹಾಕೋದು ಹೀರೋಗೆ. ಈ ವಾರ ನನ್ನ ಹಾರ ಮಾತ್ರ ಈ ಭಾವನಿಗೆ. ಅಧಿಕಾರ ಇದ್ದ ಮನೆಗೆ ಅಳಿಯನಾಗೋದಕ್ಕೆ ಅದೃಷ್ಟ ಸಾಕು. ಅಧಿಕಾರ ಹೋದ ಮೇಲೂ ಅಳಿಯನಾಗಿ ಉಳಿಯೋದಿದೆಯಲ್ಲ... ಅದಕ್ಕೆ ಗುಂಡಿಗೆ ಬೇಕು ಗುರೂ!